ಮುಖ ಕಾಣುತ್ತದೆ, ಗುರುತು ಸಿಗದು

ಹದಿನಾರು ವರ್ಷದ ಆ ಅಮೆರಿಕನ್ ಹುಡುಗನಿಗೆ ‘ಬೇವಾಚ್’ ಟಿ.ವಿ. ಧಾರಾವಾಹಿಯೆಂದರೆ ಬಲು ಇಷ್ಟ. ಒಂದೂವರೆ ವರ್ಷ ಕಾಲ ದಿನಕ್ಕೊಂದು ಗಂಟೆ ಅದನ್ನು ನೋಡಿದ್ದ. ಆದರೂ ಅದರ ಕಲಾವಿದರ ಭಾವಚಿತ್ರಗಳನ್ನು ಮುಂದಿಟ್ಟಾಗ ಒಬ್ಬರನ್ನೂ ಗುರುತಿಸಲಾಗಲಿಲ್ಲ. ದಿನಬಳಕೆಯ ವಸ್ತುಗಳ ಚಿತ್ರ ತೋರಿಸಿದರೆ ಮಾತ್ರ ಬಹುಮಟ್ಟಿಗೆ ಸರಿಯಾಗಿಯೇ ಹೆಸರು ಹೇಳುತ್ತಿದ್ದ.

ಹುಟ್ಟಿದ ಮರುದಿನವೇ ಅವನಿಗೆ ಮಿದುಳಿನ ಪೊರೆಯ ಸೋಂಕು ತಗುಲಿತ್ತು. ಮಿದುಳಿನ ಹಿಂಭಾಗದ ಎರಡೂ ಬದಿಗೆ ಹಾನಿಯಾಗಿತ್ತು. ‘ಆಡಂ’ ಎಂಬ ಹೆಸರಿನಲ್ಲಿ ಅವನ ವೃತ್ತಾಂತವನ್ನು ಮಾರ್ಥಾ ಫರಾ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದರು.

ಈ ತೊಂದರೆಗೆ ಹೆಸರಿಟ್ಟವರು ಜರ್ಮನಿಯ ನರರೋಗ ತಜ್ಞ ಯೋಆಖಿಮ್ ಬೋಡಾಮರ್. ತಲೆಗೆ ಗುಂಡೇಟು ಬಿದ್ದ 24 ವರ್ಷದ ಯುವಕನೊಬ್ಬ ಬಂಧುಗಳ ಮುಖವಿರಲಿ, ಕನ್ನಡಿಯಲ್ಲಿ ತನ್ನ ಮುಖವನ್ನೇ ಗುರುತಿಸದಾಗಿದ್ದ. ಇಂಥ ಪ್ರಸಂಗಗಳನ್ನು ವಿವರಿಸಿದ ಬೋಡಾಮರ್ 1947ರಲ್ಲಿ ಗ್ರೀಕ್ ಪದಗಳಿಂದ ‘ಪ್ರೋಸೋಪಗ್ನೋಸಿಯ’ ಎಂಬ ಹೆಸರು ಕಟ್ಟಿದರು. ಕನ್ನಡದಲ್ಲಿ ‘ಮುಖಗುರುಡು’ ಎನ್ನಬಹುದು.

ಆ ಯುವಕ ಇದ್ದ ಶಕ್ತಿಯನ್ನು ಕಳೆದುಕೊಂಡವನು. ಶಕ್ತಿ ಬೆಳೆಯುವ ಮೊದಲೇ ಪೆಟ್ಟು ಬಿದ್ದರೆ ಏನಾದೀತು? ಎಳೆಯ ಮಿದುಳು ಹೇಗಾದರೂ ಸುಧಾರಿಸಿಕೊಳ್ಳುತ್ತದೆ ಎಂಬ ನಂಬಿಕೆ ಹಳೆಯದು. 1930ರ ದಶಕದಲ್ಲಿ ಮಾರ್ಗರೆಟ್ ಕೆನಾರ್ಡ್ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳು ಅದಕ್ಕೆ ಬಲ ನೀಡಿದ್ದವು. ಚಲನೆಯನ್ನು ನಿಯಂತ್ರಿಸುವ ಭಾಗಕ್ಕೆ ಹಾನಿಯಾದಾಗ ಮರಿಗಳು ದೊಡ್ಡ ಕೋತಿಗಳಿಗಿಂತ ಚೆನ್ನಾಗಿ ಚೇತರಿಸಿಕೊಂಡಿದ್ದವು. ಶೈಶವದಲ್ಲಿ ಎಡಮಿದುಳಿಗೆ ಪೆಟ್ಟಾದ ಮಕ್ಕಳೂ ಸಾಮಾನ್ಯವಾಗಿ ಮಾತು ಕಲಿಯುತ್ತಾರೆ. ಬಲಮಿದುಳು ಆ ಹೊಣೆ ಹೊರುತ್ತದೆ.

ಮುಖದ ವಿಷಯದಲ್ಲಿ ಈ ಲೆಕ್ಕ ತಪ್ಪಿತು. 14 ತಿಂಗಳ ಪ್ರಾಯದಲ್ಲಿ ಮಿದುಳಿನ ಪೊರೆಯ ಸೋಂಕಿಗೆ ತುತ್ತಾದ ಬಾಲಕಿಯೊಬ್ಬಳನ್ನು ಬ್ರಿಟನ್ನಿನ ಹ್ಯಾಡಿನ್ ಎಲ್ಲಿಸ್ ಮತ್ತು ಆಂಡ್ರ್ಯೂ ಯಂಗ್ 1980ರ ದಶಕದಲ್ಲಿ ಪರೀಕ್ಷಿಸಿದರು. ಮುಖ ಗುರುತಿಸುವ ತರಬೇತಿಯನ್ನೂ ಕೊಟ್ಟು ನೋಡಿದರು. ಫಲ ಸಿಗಲಿಲ್ಲ. ಆಡಂಗೂ ಹದಿನಾರು ವರ್ಷಗಳ ಒಡನಾಟ ಸಾಲದಾಯಿತು. ಮುಖಕ್ಕೆ ಮೀಸಲಾದ ಜಾಗ ಹುಟ್ಟುವಾಗಲೇ ಗೊತ್ತಾಗಿರುತ್ತದೆ, ಅದು ಕೆಟ್ಟರೆ ಬೇರೆ ಭಾಗ ಆ ಕೆಲಸವನ್ನು ವಹಿಸಿಕೊಳ್ಳಲಾರದು ಎಂಬುದು ಫರಾ ತಂಡದ ತೀರ್ಮಾನ. ಒಂದೇ ಬದಿಗೆ ಪೆಟ್ಟಾದ ಮಕ್ಕಳಲ್ಲಿ ತೊಂದರೆ ಸಾಮಾನ್ಯವಾಗಿ ಇಷ್ಟು ತೀವ್ರವಾಗಿರುವುದಿಲ್ಲ.

ಜಾಗವೊಂದಿದ್ದರೂ ಸಾಲದು, ಸಕಾಲದಲ್ಲಿ ನೋಟವೂ ಬೇಕು. ಹುಟ್ಟಿನಿಂದಲೇ ಎರಡೂ ಕಣ್ಣಿಗೆ ಪೊರೆ ಬಂದಿದ್ದ ಶಿಶುಗಳಿಗೆ ಎರಡರಿಂದ ಆರು ತಿಂಗಳೊಳಗೆ ಶಸ್ತ್ರಚಿಕಿತ್ಸೆಯಾಗಿತ್ತು. ಒಂಬತ್ತು ವರ್ಷ ದಾಟಿದ ಮೇಲೂ, ಕಣ್ಣು-ಬಾಯಿಗಳ ನಡುವಣ ಅಂತರದಲ್ಲಷ್ಟೇ ವ್ಯತ್ಯಾಸವಿದ್ದ ಮುಖಗಳನ್ನು ಬೇರ್ಪಡಿಸಲು ಅವರು ತಡವರಿಸಿದರು. ಕೆನಡಾದ ಡ್ಯಾಫ್ನಿ ಮೌರರ್ ತಂಡ ಇದನ್ನು 2001ರಲ್ಲಿ ತಿಳಿಸಿತು.

ಇಂಥ ಮಕ್ಕಳು ಧ್ವನಿ, ನಡಿಗೆ, ಉಡುಪು, ಕೇಶವಿನ್ಯಾಸಗಳನ್ನು ನೆಚ್ಚಿ ದಿನ ದೂಡುತ್ತಾರೆ. ಗೆಳೆಯ ಬೇರೆ ಅಂಗಿ ತೊಟ್ಟು ಬಂದರೆ ಅಪರಿಚಿತನಾಗಿಬಿಡಬಹುದು. ನೋಡುವವರು ಅದನ್ನು ಸೊಕ್ಕೆಂದೋ ದಡ್ಡತನವೆಂದೋ ಭಾವಿಸುತ್ತಾರೆ. ಎಲ್ಲರೂ ತನ್ನಂತೆಯೇ ನೋಡುತ್ತಾರೆಂದು ತಿಳಿದ ಮಗು ತನ್ನ ಕಷ್ಟವನ್ನು ಹೇಳಿಕೊಳ್ಳುವುದೂ ಇಲ್ಲ. ಎದುರಾದಾಗ ತಮ್ಮ ಹೆಸರು ಹೇಳಿ ಮಾತಿಗೆ ತೊಡಗುವುದು ಮನೆಯವರಿಗೂ ಶಿಕ್ಷಕರಿಗೂ ಕಷ್ಟದ ಕೆಲಸವೇನಲ್ಲ. ಮಗುವಿಗೆ ಮಾತ್ರ ಅದು ದೊಡ್ಡ ಆಸರೆ.