ಸೆನ್ಸಾರ್ ಹೋಯ್ತು, ಡಬ್ಬಿಂಗ್ ಹೋಗಿಲ್ಲ

(1/4)
ನಿನ್ನೆ ಸ್ಟೋರಿಯಲ್ಲಿ 'ಲಾ ಆಫ್ ಡಿಸೈರ್' ಪೋಸ್ಟರ್ ಹಾಕಿದ್ದಕ್ಕೆ "ತುಂಬಾ ಬೋಲ್ಡ್ ಅಂತೆ, ಹೌದಾ?" ಅಂತ ಸುಮಾರು ಜನ ಕೇಳಿದ್ರಿ. ಹೌದು, ಮನೆಯವರ ಜೊತೆ ಕೂತು ನೋಡೋ ಸಿನಿಮಾ ಅಲ್ಲ 😅 ಆದರೆ ನನ್ನ ತಲೆಯಲ್ಲಿ ಉಳಿದಿದ್ದು ಆ ದೃಶ್ಯಗಳಲ್ಲ, ಒಂದು ಪತ್ರ. ಅದಕ್ಕೂ ಮೊದಲು ಸ್ವಲ್ಪ ಇತಿಹಾಸ ಕೇಳಿ.

(2/4)
ಸ್ಪೇನ್‌ನಲ್ಲಿ 1939ರಿಂದ 1975ರವರೆಗೆ ಫ್ರಾಂಕೋನ ಸರ್ವಾಧಿಕಾರ. 1941ರಲ್ಲಿ, ವಿದೇಶಿ ಸಿನಿಮಾಗಳನ್ನು ಸ್ಪ್ಯಾನಿಷ್‌ಗೆ ಡಬ್ ಮಾಡಲೇಬೇಕು ಅಂತ ಆದೇಶ ಬಂತು. ಸೆನ್ಸಾರ್‌ನವರಿಗೆ ಹಬ್ಬ! ಕತ್ತರಿಯೇ ಬೇಡ, ಮಾತು ಬದಲಿಸಿದರೆ ಸಾಕು. 1953ರ ಹಾಲಿವುಡ್ ಚಿತ್ರ 'ಮೊಗಾಂಬೊ'ದಲ್ಲಿ ಗ್ರೇಸ್ ಕೆಲ್ಲಿಯದು ಮದುವೆಯಾದ ಹೆಂಗಸಿನ ಪಾತ್ರ. ಅವಳಿಗೆ ಇನ್ನೊಬ್ಬನ ಮೇಲೆ ಮನಸ್ಸಾಗುತ್ತೆ. ಛೇ, ಹಾಗಾಗಬಾರದು ಅಂತ ಡಬ್ಬಿಂಗ್‌ನಲ್ಲಿ ಗಂಡ ಹೆಂಡತಿಯನ್ನು ಅಣ್ಣ ತಂಗಿ ಮಾಡಿಬಿಟ್ರು. ಪರದೆ ಮೇಲೆ ಮಾತ್ರ ಅವರಿಬ್ಬರೂ ದಂಪತಿ ಥರಾನೇ ಇದ್ದಾರೆ! ಮುಚ್ಚೋಕೆ ಹೋಗಿ ಇನ್ನೂ ದೊಡ್ಡ ಎಡವಟ್ಟು.

(3/4) ⚠️ ಕಥೆ ಹೇಳ್ತಿದ್ದೀನಿ
ಫ್ರಾಂಕೋ ಸತ್ತ. 1977ರಲ್ಲಿ ಸಿನಿಮಾ ಸೆನ್ಸಾರ್ ರದ್ದಾಯ್ತು. ಸಲಿಂಗಿಗಳನ್ನು ಸಮಾಜಕ್ಕೆ ಅಪಾಯ ಅನ್ನುತ್ತಿದ್ದ 1970ರ ಕಾನೂನಿನಿಂದ ಆ ಭಾಗವನ್ನು 1978ರ ಕೊನೆಯಲ್ಲಿ ತೆಗೆದರು. 1987ರಲ್ಲಿ ಪೆದ್ರೊ ಅಲ್ಮೊದೊವಾರ್ ಈ ಸಿನಿಮಾ ಮಾಡಿದರು, ತಮ್ಮ ಅಗುಸ್ತಿನ್ ಜೊತೆ ಕಟ್ಟಿದ ಸ್ವಂತ ಕಂಪನಿಯಿಂದ. ಕಂಪನಿ ಹೆಸರೇ 'ಎಲ್ ದೆಸೆಯೊ', ಅಂದರೆ ಆಸೆ.

ಮ್ಯಾಡ್ರಿಡ್‌ನ ನಿರ್ದೇಶಕ ಪಾಬ್ಲೊಗೆ ಹುವಾನ್ ಮೇಲೆ ಪ್ರೀತಿ. ಹುವಾನ್ ಬರೆಯೋ ಪತ್ರ ಅವನಿಗೆ ಸಾಲದು. ತನಗೆ ಬೇಕಾದ ಪ್ರೇಮಪತ್ರವನ್ನು ತಾನೇ ಟೈಪ್ ಮಾಡಿ, ಸಹಿ ಹಾಕಿ ವಾಪಸ್ ಕಳಿಸು ಅಂತಾನೆ! ಆಮೇಲೆ ಬರ್ತಾನೆ ಆಂತೋನಿಯೊ (ಪಾತ್ರಧಾರಿ ಆಗಿನ್ನೂ ಎಳೆಯ ಆಂತೋನಿಯೊ ಬಾಂದೆರಾಸ್). ಕಾನೂನು ಹೋಗಿದ್ದರೂ ಅವನಿಗೆ ಅಮ್ಮನ ಭಯ, ಅದಕ್ಕೇ ಪಾಬ್ಲೊ ಅವನಿಗೆ ಬರೆಯೋ ಪತ್ರಗಳಲ್ಲಿ ಹೆಣ್ಣಿನ ಹೆಸರು. ಹುವಾನ್ ಸಹಿ ಇರೋ ಆ ಪತ್ರ ಇವನ ಕೈಗೆ ಸಿಗುತ್ತೆ. ನಿಜ ಅಂದ್ಕೊಂಡು ಹೊಟ್ಟೆ ಉರಿದುಕೊಳ್ತಾನೆ. ಕೊನೆಗೆ ಹುವಾನ್‌ನನ್ನು ಕಡಿದಾದ ಬಂಡೆಯಿಂದ ತಳ್ಳಿ ಕೊಲ್ತಾನೆ.

(4/4)
ನೋಡಿ, ಹುವಾನ್ ಬರೆಯದ ಮಾತುಗಳಿಗೂ ಅವನ ಸಾವಿನಲ್ಲಿ ಪಾಲಿದೆ. 'ಮೊಗಾಂಬೊ' ಕಥೆ ಕೇಳಿ ನಗ್ತೀವಿ. ಆದರೆ ಪಾಬ್ಲೊ ಮಾಡಿದ್ದೂ ಅದೇ ಅಲ್ವಾ? ಇನ್ನೊಬ್ಬರ ಬಾಯಿಗೆ ತನಗೆ ಬೇಕಾದ ಮಾತು ತುಂಬಿದ. ಸರ್ಕಾರ ಅದನ್ನು ನೀತಿಯ ಹೆಸರಲ್ಲಿ ಮಾಡಿತು, ಇವನು ಪ್ರೀತಿಯ ಹೆಸರಲ್ಲಿ.

ಪಿಯುಸಿಯಲ್ಲಿ ಒಬ್ಬ ಫ್ರೆಂಡ್‌ಗೆ ನಾನೂ ಹೇಳಿದ್ದೆ: "ಅವಳು ಬಾಯಲ್ಲಿ ಬೇಡ ಅಂದ್ರೂ ಮನಸ್ಸಲ್ಲಿ ಹೂಂ ಅಂತಿರ್ತಾಳೆ ಮಗಾ, ಬಿಡಬೇಡ." ಅವನು ಬಿಡಲಿಲ್ಲ. ಅವಳು ಟ್ಯೂಷನ್ನೇ ಬಿಟ್ಟಳು.

ಅವಳು ಹೇಳಿದ್ದು "ಬೇಡ" ಅಂತ ಮಾತ್ರ. ಉಳಿದಿದ್ದೆಲ್ಲ ನಮ್ಮ ಡಬ್ಬಿಂಗ್.

#ಸಿನಿಮಾಇತಿಹಾಸ #ಅಲ್ಮೊದೊವಾರ್