ಕೇಳಿದ್ದು ಒಂದು, ಬರೆದದ್ದು ಇನ್ನೊಂದು



ಸ್ಟುಡಿಯೋದ ಒಳಗೆ ಕೂತವಳಿಗೆ ಫೋನು ಅಂದರೆ ನಿಮ್ಮ ದನಿ. "ಹಲೋ, ಘಾಟ್ಕೋಪರ್‌ನಿಂದ ಮಾತಾಡ್ತಿದ್ದೀನಿ, ಒಂದು ಹಾಡು ಬೇಕಿತ್ತು" ಅಂತ ನೀವು ಅಂದ ಕೂಡಲೇ ನನ್ನ ಪೆನ್ನು ಓಡಲು ಶುರು. ಹೆಸರು, ಏರಿಯಾ, ಯಾವ ಹಾಡು, ಯಾರಿಗಾಗಿ. ಇಲ್ಲಿ ತಪ್ಪಾದರೆ ಹೆಚ್ಚೆಂದರೆ ಸವಿತಾಗೆ ಸೇರಬೇಕಾದ ಹುಟ್ಟುಹಬ್ಬದ ಶುಭಾಶಯ ಕವಿತಾಗೆ ಸೇರುತ್ತದೆ. ಮಾರನೇ ದಿನ ನೀವು ಫೋನ್ ಮಾಡಿ ಮುನಿಸಿಕೊಳ್ಳುತ್ತೀರಿ, ನಾನು ಕ್ಷಮೆ ಕೇಳುತ್ತೇನೆ, ಮುಗಿಯಿತು.

ಒಂದು ಸಲ ಹಾಗೆ ಮುಗಿಯಲಿಲ್ಲ. 2014ರ ಜುಲೈ, ಮುಂಬೈ ಮಳೆ ನಿಮಗೆ ಗೊತ್ತೇ ಇದೆ. ಲೋಕಲ್ ನಿಂತುಹೋಗುತ್ತದೆ ಅಂತ ರಿಸೆಪ್ಷನ್‌ನವರು ಬೇಗ ಮನೆಗೆ ಹೊರಟಿದ್ದರು. ಅಲ್ಲಿಯ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಕೆಲಸಕ್ಕೆ ಸೇರಿ ಎರಡೇ ತಿಂಗಳಾಗಿದ್ದ ನಾನು ಹೋಗಿ ಎತ್ತಿದೆ. ಸೊಲ್ಲಾಪುರದ ಒಂದು ಆಸ್ಪತ್ರೆಯಿಂದ ಯಾರೋ ಹಿಂದಿಯಲ್ಲಿ ಮಾತಾಡಿದರು. ನಮ್ಮ ಮರಾಠಿ ಕಾರ್ಯಕ್ರಮದ ಸಹೋದ್ಯೋಗಿಯ ತಂದೆಯನ್ನು ಅಲ್ಲಿ ಸೇರಿಸಿದ್ದಾರೆ, ಈ ನಂಬರಿಗೆ ಫೋನ್ ಮಾಡಲು ಹೇಳಿ ಅಂದರು. ನಂಬರನ್ನು ಎರಡೆರಡು ಅಂಕಿಯಾಗಿ ಹೇಳಿದರು. ಸ್ಕ್ರಿಪ್ಟಿನ ಬೆನ್ನಿಗೆ ಗೀಚಿಕೊಂಡೆ. "ಠೀಕ್ ಹೈ" ಅಂದೆ. ಇಟ್ಟೆ.

ಆ ಚೀಟಿಯ ಕಥೆ ಆಮೇಲೆ ಹೇಳುತ್ತೇನೆ. ಅದಾದ ಮೇಲೆ ನನಗೊಂದು ಹುಚ್ಚು ಹತ್ತಿತು, ಫೋನಿನಲ್ಲಿ ಬಂದ ಮಾತನ್ನು ಇನ್ನೊಬ್ಬರಿಗೆ ತಲುಪಿಸುವ ಕೆಲಸ ಶುರುವಾದದ್ದು ಹೇಗೆ, ಜನ ಅದನ್ನು ಕಲಿತದ್ದು ಹೇಗೆ ಅಂತ ಹುಡುಕುವುದು. ಸಿಕ್ಕಿದ್ದರಲ್ಲಿ ಕೆಲವನ್ನು ಇವತ್ತು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು ಎಲ್ಲರಿಗೂ ಗೊತ್ತಿರುವ ಘಟನೆ. 1876ರ ಮಾರ್ಚ್ 10, ಅಮೆರಿಕದ ಬಾಸ್ಟನ್. 29 ವರ್ಷದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಒಂದು ಕೋಣೆಯಲ್ಲಿ, ಸಹಾಯಕ ಥಾಮಸ್ ವಾಟ್ಸನ್ ಇನ್ನೊಂದು ಕೋಣೆಯಲ್ಲಿ. "ವಾಟ್ಸನ್ ಅವರೇ, ಇಲ್ಲಿ ಬನ್ನಿ, ನಿಮ್ಮನ್ನು ನೋಡಬೇಕು" ಎಂದು ಬೆಲ್ ಹೇಳಿದ್ದು, ವಾಟ್ಸನ್ ಓಡಿಬಂದದ್ದು ಶಾಲೆಯ ಪಾಠದಲ್ಲೂ ಇರುತ್ತದೆ. ಪಾಠದಲ್ಲಿ ಇಲ್ಲದ ಒಂದು ಸಂಗತಿ ಬೆಲ್ ಅವರ ಟಿಪ್ಪಣಿ ಪುಸ್ತಕದಲ್ಲಿದೆ. ವಾಟ್ಸನ್ ಬಂದ ಕೂಡಲೇ ಬೆಲ್ ಕುಣಿದಾಡಲಿಲ್ಲ. "ನಾನು ಹೇಳಿದ್ದೇನು, ಹಾಗೇ ಹೇಳಿ" ಅಂತ ಕೇಳಿದರು! ವಾಟ್ಸನ್ ಪದ ಪದವಾಗಿ ಒಪ್ಪಿಸಿದ ಮೇಲೆ ಜಾಗ ಬದಲಿಸಿ ಮತ್ತೆ ಪರೀಕ್ಷೆ ಮಾಡಿದರು. ಈ ಸಲ ದನಿ ಜೋರಾಗಿತ್ತು, ಆದರೆ ಅಸ್ಪಷ್ಟ ಅಂತ ಪ್ರಾಮಾಣಿಕವಾಗಿ ಬರೆದುಕೊಂಡಿದ್ದಾರೆ.

ಅಂದರೆ ಫೋನಿನ ಮೊಟ್ಟಮೊದಲ ಸಂದೇಶವನ್ನೇ ಮರಳಿ ಹೇಳಿಸಿ ತಾಳೆ ನೋಡಲಾಗಿತ್ತು. ಇನ್ನೂ ತಮಾಷೆ ಕೇಳಿ. ವಾಟ್ಸನ್ ತಾವೇ ಆಮೇಲೆ ಹೇಳಿಕೊಂಡ ಕಥೆಯಲ್ಲಿ ಆ ವಾಕ್ಯ "ನಿಮ್ಮನ್ನು ನೋಡಬೇಕು" ಅಂತಿಲ್ಲ, "ನೀವು ಬೇಕು" ಅಂತಿದೆ. ಒಂದೇ ಒಂದು ಸಾಲು, ಹೇಳಿದವನೂ ಕೇಳಿದವನೂ ಒಂದೇ ಮನೆಯಲ್ಲಿ, ಆದರೂ ಎರಡು ಪಾಠ. ಕನ್ನಡ ಬಿ.ಎ.ಯಲ್ಲಿ ಪಾಠಾಂತರ ಅಂತ ಓದಿದ್ದೆ. ಅದು ತಾಳೆಗರಿಗಳಿಗೆ ಮಾತ್ರ ಬರುವ ಕಾಯಿಲೆ ಅಂದುಕೊಂಡಿದ್ದೆ.

ಎರಡು ವರ್ಷ ಮುಂದೆ ಬನ್ನಿ. 1878ರ ಜನವರಿ 28ರಂದು ಅಮೆರಿಕದ ನ್ಯೂ ಹೇವನ್ ಊರಲ್ಲಿ 21 ಚಂದಾದಾರರ ಮೊದಲ ವಾಣಿಜ್ಯ ಎಕ್ಸ್‌ಚೇಂಜ್ ತೆರೆಯಿತು. ನಂಬರ್ ಅನ್ನುವುದೇ ಆಗ ಇರಲಿಲ್ಲ. ಡಾಕ್ಟರರ ಮನೆ ಕೊಡಿ, ಜವಳಿ ಅಂಗಡಿ ಕೊಡಿ ಅಂತ ಹೆಸರು ಹೇಳುವುದು, ಆಪರೇಟರ್ ಜೋಡಿಸುವುದು. ಮೊದಲು ಆ ಕೆಲಸಕ್ಕೆ ಇಟ್ಟುಕೊಂಡದ್ದು ತಂತಿ ಕಚೇರಿಗಳಲ್ಲಿ ಓಡಾಡುತ್ತಿದ್ದಂಥ ಹುಡುಗರನ್ನು. ಅವರೋ ಗಿರಾಕಿಗಳ ಜತೆ ಜಗಳಕ್ಕೆ ನಿಲ್ಲುವವರು, ಬೈಯುವವರು. ಅದೇ ವರ್ಷ ಸೆಪ್ಟೆಂಬರ್ 1ರಂದು ಬಾಸ್ಟನ್ನಿನಲ್ಲಿ ಎಮ್ಮಾ ನಟ್ ಎಂಬಾಕೆ ಕೆಲಸಕ್ಕೆ ಸೇರಿದಳು, ಜಗತ್ತಿನ ಮೊದಲ ಮಹಿಳಾ ಆಪರೇಟರ್. ಫೋನಿನಲ್ಲಿ ಸಮಾಧಾನದಿಂದ ಮಾತಾಡುವುದೂ ಸಂಬಳ ಕೊಡಬೇಕಾದ ಒಂದು ಕೆಲಸ ಅಂತ ಕಂಪನಿಗಳಿಗೆ ಅರ್ಥವಾದದ್ದು ಆಗ. "ಹಲೋ" ಅನ್ನುವ ಸಲಹೆ ಎಡಿಸನ್ನರದು, 1877ರ ಆಗಸ್ಟಿನ ಒಂದು ಪತ್ರದಲ್ಲಿ ಬರೆದದ್ದು. ಬೆಲ್ಲರಿಗೆ ಹಡಗಿನವರ "ಅಹಾಯ್" ಇಷ್ಟವಿತ್ತು. ಬೆಲ್ ಗೆದ್ದಿದ್ದರೆ ನಾನು ದಿನಾ ನಿಮಗೆ ಅಹಾಯ್ ಅನ್ನಬೇಕಿತ್ತು!

ಫೋನಿನಲ್ಲಿ ಮಾತು ಯಾಕೆ ತಪ್ಪಾಗಿ ಕೇಳಿಸುತ್ತದೆ? ನಮ್ಮ ಎಂಜಿನಿಯರ್ ಒಬ್ಬರು ನನಗೆ ವಿವರಿಸಿದರು. ಹಳೆಯ ಟೆಲಿಫೋನ್ ಲೈನು ದನಿಯನ್ನು ಪೂರ್ತಿ ಸಾಗಿಸುವುದಿಲ್ಲ. ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಪಟ್ಟಿಯನ್ನಷ್ಟೇ ಬಿಟ್ಟುಕೊಂಡು ಉಳಿದದ್ದನ್ನು ಕತ್ತರಿಸುತ್ತದೆ. ಮಾತು ಅರ್ಥವಾಗಲು ಅಷ್ಟು ಸಾಕು. ಆದರೆ ಇಂಗ್ಲಿಷಿನ ಎಸ್ಸನ್ನೂ ಎಫ್ಫನ್ನೂ ಬೇರೆ ಮಾಡುವ ಸೀಟಿಯಂಥ ಸದ್ದು ಬಹುಪಾಲು ಆ ಪಟ್ಟಿಯ ಮೇಲೆಯೇ ಇದೆ! ಎಂ, ಎನ್ ಕೂಡ ಗಲಿಬಿಲಿ. ಅದಕ್ಕೇ ನಮ್ಮ ಆಫೀಸುಗಳಲ್ಲಿ "ಬಿ ಫಾರ್ ಬಾಂಬೆ, ಡಿ ಫಾರ್ ಡೆಲ್ಲಿ" ಬಂದದ್ದು. ವಿಮಾನದವರು 1956ರಲ್ಲಿ ಆಲ್ಫಾ, ಬ್ರಾವೋ, ಚಾರ್ಲಿ ಅಂತ ಜಗತ್ತಿಗೆಲ್ಲ ಒಂದೇ ಪಟ್ಟಿ ತಂದರು. ಅವರು ನೈನ್ ಅನ್ನುವುದಿಲ್ಲ, ನೈನರ್ ಅನ್ನುತ್ತಾರೆ. ಫೈವ್, ನೈನ್ ಒಂದೇ ಥರ ಕೇಳಿಸಿ ಅನಾಹುತ ಆಗಬಾರದಲ್ಲ.

ಇನ್ನು ನಮ್ಮ ದೇಶಕ್ಕೆ ಬರೋಣ. 1882ರ ಜನವರಿ 28ರಂದು ಕಲ್ಕತ್ತಾ, ಬಾಂಬೆ, ಮದ್ರಾಸುಗಳಲ್ಲಿ ಎಕ್ಸ್‌ಚೇಂಜ್ ಶುರುವಾಯಿತು. ಕಲ್ಕತ್ತಾದಲ್ಲಿ ಮೊದಲಿಗೆ 93 ಚಂದಾದಾರರು. ಸ್ವಾತಂತ್ರ್ಯ ಬಂದಾಗ ಇಡೀ ದೇಶದಲ್ಲಿ ಇದ್ದ ಫೋನು ಸುಮಾರು 80 ಸಾವಿರ. ಆಮೇಲೂ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವ ಕಾಲ. ಅದರಿಂದ ನಮ್ಮಲ್ಲಿ ಹುಟ್ಟಿಕೊಂಡದ್ದೇ "ಪಿಪಿ ನಂಬರ್". ವಿಸಿಟಿಂಗ್ ಕಾರ್ಡಿನಲ್ಲಿ, ಮದುವೆಯ ಕರೆಯೋಲೆಯಲ್ಲಿ ನಂಬರಿನ ಪಕ್ಕ ಪಿಪಿ ಅಂತ ಇರುತ್ತಿತ್ತು, ನೆನಪಿದೆಯಾ? ಅಂದರೆ ಫೋನು ನಮ್ಮದಲ್ಲ, ಕೆಳಗಿನ ಮನೆಯವರದು. ದಯವಿಟ್ಟು ನಮ್ಮನ್ನು ಕರೆಯಿಸಿ ಅಂತ.

ಈ ಊರಿನ ಕನ್ನಡಿಗರಿಗೆ ಆ ಕೆಳಗಿನ ಮನೆ ಅಂದರೆ ಬಹಳ ಸಲ ಹೋಟೆಲಿನ ಗಲ್ಲಾ. ಮಾಟುಂಗಾ, ಫೋರ್ಟ್ ಕಡೆಯ ಹಿರಿಯರನ್ನು ಕೇಳಿ ನೋಡಿ. ಗಲ್ಲಾದ ಮೇಲೆ ಕಪ್ಪು ಫೋನು, ಪಕ್ಕದಲ್ಲಿ ಬಿಲ್ಲಿನ ಕಟ್ಟು, ಕಿವಿಯ ಮೇಲೆ ಪೆನ್ಸಿಲು. ಕುಂದಾಪುರದಿಂದಲೋ ಕಾರ್ಕಳದಿಂದಲೋ ಟ್ರಂಕ್ ಕಾಲ್ ಬಂದರೆ ಇಡೀ ಹೋಟೆಲಿಗೆ ಗೊತ್ತಾಗುತ್ತಿತ್ತು, ಅಷ್ಟು ಜೋರಾಗಿ ಕೂಗಬೇಕಿತ್ತು. ಮೂರು ನಿಮಿಷ ಮುಗಿಯಿತು ಅಂತ ಆಪರೇಟರ್ ನಡುವೆ ಬಾಯಿ ಹಾಕುವ ಮೊದಲು ವಿಷಯ ತಿಳಿದುಕೊಳ್ಳಬೇಕು. ಒಳಗೆ ರುಬ್ಬುತ್ತಿದ್ದ ಹುಡುಗ ಓಡಿಬರುವಷ್ಟರಲ್ಲಿ ಲೈನು ಕಟ್ಟಾದರೆ ಸುದ್ದಿ ಉಳಿಯುವುದು ಧಣಿಗಳ ಹತ್ತಿರ ಮಾತ್ರ. "ಅಜ್ಜ ಸೀರಿಯಸ್ ಅಂತೆ ಮಾರಾಯ, ಇವತ್ತೇ ಹೊರಡು" ಅನ್ನುವರು. ಸೀರಿಯಸ್ ಅಂದರೆ ಏನು ಅಂತ ಹೇಳುವವರಿಗೂ ಗೊತ್ತು, ಕೇಳುವವನಿಗೂ ಗೊತ್ತು. ಟಿಕೆಟ್ಟಿನ ದುಡ್ಡು ಗಲ್ಲಾದಿಂದಲೇ ಬರುತ್ತಿತ್ತು. ಸುದ್ದಿ ತಲುಪಿಸುವುದು ಅಂದರೆ ಬರೆದ ಚೀಟಿ ಕೈಗಿಡುವುದಷ್ಟೇ ಅಲ್ಲ ಅಂತ ನನಗೆ ಹೇಳಿದವರು ಇಂಥ ಒಬ್ಬ ನಿವೃತ್ತ ಹೋಟೆಲ್ ಮಾಲೀಕರು.

1960ರ ನವೆಂಬರಿನಲ್ಲಿ ಲಕ್ನೋ–ಕಾನ್ಪುರದ ನಡುವೆ ಮೊದಲ ಎಸ್‌ಟಿಡಿ ಬಂತು. ಆದರೂ ಎಷ್ಟೋ ಊರುಗಳಿಗೆ ಟ್ರಂಕ್ ಕಾಲೇ ಗತಿಯಾಗಿತ್ತು, ಬಹಳ ವರ್ಷ.

ಫೋನಿನ ಮಾತನ್ನು ನಮ್ಮ ದೇಶದಲ್ಲಿ ಎಲ್ಲರಿಗಿಂತ ಗಂಭೀರವಾಗಿ ತೆಗೆದುಕೊಂಡವರು ಯಾರು ಗೊತ್ತಾ? ನನ್ನ ಓಟು ರೈಲ್ವೆಯ ಸ್ಟೇಷನ್ ಮಾಸ್ತರರಿಗೆ. ಒಂದೇ ಹಳಿ, ಎರಡು ಕಡೆಯಿಂದ ಗಾಡಿ. ಯಂತ್ರ ಕೆಟ್ಟಾಗ ಗಾಡಿ ಬಿಡಬಹುದೇ ಅಂತ ಪಕ್ಕದ ಸ್ಟೇಷನ್ನನ್ನು ಫೋನಿನಲ್ಲೇ ಕೇಳಬೇಕಾದ ಸಂದರ್ಭ ಬರುತ್ತದೆ. ಆಗ "ಹೂಂ, ಬಿಡಿ" ಅಂದರೆ ಸಾಲದು. ಯಾವ ಸ್ಟೇಷನ್, ಯಾವ ಗಾಡಿ, ಗಂಟೆ ಎಷ್ಟು, ಎಲ್ಲ ಹೇಳಿ, ಆ ಕಡೆಯವರು ಮರಳಿ ಹೇಳಿ, ಕೊನೆಗೆ ಒಂದು "ಪ್ರೈವೇಟ್ ನಂಬರ್" ಕೊಡಬೇಕು. ಅದು ಅವರ ಬಳಿ ಮಾತ್ರ ಇರುವ ಮುದ್ರಿತ ಹಾಳೆಯಿಂದ ತೆಗೆದ ಎರಡಂಕಿಯ ಸಂಖ್ಯೆ. ಕೊಟ್ಟ ಮೇಲೆ ಹಾಳೆಯಲ್ಲಿ ಅದನ್ನು ಹೊಡೆದುಹಾಕಬೇಕು. ಈ ಕಡೆಯವರು ಅದನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು. ಲೆವೆಲ್ ಕ್ರಾಸಿಂಗಿನ ಗೇಟ್‌ಮನ್ ಗೇಟು ಹಾಕಿದ್ದೇನೆ ಅಂತ ಹೇಳುವಾಗಲೂ ಹೀಗೇ ನಂಬರು ಕೊಡುವ ಪದ್ಧತಿ ಇದೆ. ನಾನು ಹೇಳಿಲ್ಲ, ನೀವು ಕೇಳಿಸಿಕೊಂಡಿಲ್ಲ ಅನ್ನುವ ಜಗಳಕ್ಕೆ ಜಾಗವೇ ಇಲ್ಲ. ನೀವು ಊರಿಗೆ ಹೋಗುವ ರಾತ್ರಿ ಗಾಡಿಯಲ್ಲಿ ನೆಮ್ಮದಿಯಾಗಿ ಮಲಗುವುದರ ಹಿಂದೆ ಇಂಥ ಪುಟ್ಟ ಪುಟ್ಟ ನಂಬರುಗಳೂ ಇವೆ.

ಇದಕ್ಕೆ ಪೂರ್ತಿ ಉಲ್ಟಾ ಒಂದು ಕಥೆ ದೆಹಲಿಯದು. 1971ರ ಮೇ 24. ಪಾರ್ಲಿಮೆಂಟ್ ಸ್ಟ್ರೀಟಿನ ಸ್ಟೇಟ್ ಬ್ಯಾಂಕಿನಲ್ಲಿ ಮುಖ್ಯ ಕ್ಯಾಷಿಯರ್ ವೇದ್ ಪ್ರಕಾಶ್ ಮಲ್ಹೋತ್ರಾ ಅವರ ಫೋನು ಬಡಿಯಿತು. ಪ್ರಧಾನಿಯ ಕಾರ್ಯದರ್ಶಿ ಹಕ್ಸರ್ ಅಂತ ಒಂದು ದನಿ, ಆಮೇಲೆ ಸ್ವತಃ ಇಂದಿರಾ ಗಾಂಧಿ ಅಂತ ಇನ್ನೊಂದು ದನಿ. ಬಾಂಗ್ಲಾದೇಶದ ಗುಟ್ಟಿನ ಕೆಲಸಕ್ಕೆ 60 ಲಕ್ಷ ರೂಪಾಯಿ ಬೇಕು, ತಂದುಕೊಡಿ. ಗುರುತಿಗೆ "ಬಾಂಗ್ಲಾದೇಶ್ ಕಾ ಬಾಬು", "ಬಾರ್ ಅಟ್ ಲಾ" ಅನ್ನುವ ಸಂಕೇತ ಪದಗಳು. ಮಲ್ಹೋತ್ರಾ ಪೆಟ್ಟಿಗೆ ತುಂಬಿಸಿಕೊಂಡು ಬ್ಯಾಂಕಿನ ಕಾರಿನಲ್ಲೇ ಹೋಗಿ, ಸಂಕೇತ ಹೇಳಿದ ವ್ಯಕ್ತಿಗೆ ಹಣ ಕೊಟ್ಟರು. ರಸೀದಿ ಕೇಳಲು ಪ್ರಧಾನಿ ನಿವಾಸಕ್ಕೆ ಹೋದಾಗ ಅಲ್ಲಿ ಯಾರೂ ಫೋನ್ ಮಾಡಿರಲಿಲ್ಲ ಅಂತ ತಿಳಿಯಿತು. ಹಣ ಪಡೆದ ಮಾಜಿ ಸೈನ್ಯಾಧಿಕಾರಿ ರುಸ್ತುಂ ಸೊಹ್ರಾಬ್ ನಗರವಾಲಾ ಅದೇ ದಿನ ಸಿಕ್ಕಿಬಿದ್ದ, ಹಣದ ಬಹುಪಾಲೂ ಸಿಕ್ಕಿತು. ಇಂದಿರಾ ದನಿಯನ್ನು ತಾನೇ ಅನುಕರಿಸಿದೆ ಅಂತ ತಪ್ಪೊಪ್ಪಿಕೊಂಡ, ಕೆಲವೇ ದಿನಗಳಲ್ಲಿ ಶಿಕ್ಷೆಯೂ ಆಯಿತು. 1972ರ ಮಾರ್ಚಿನಲ್ಲಿ ಬಂಧನದಲ್ಲಿರುವಾಗಲೇ ತೀರಿಕೊಂಡ. ಅದರ ಹಿಂದೆ ಇನ್ನೇನೋ ಇತ್ತು ಅನ್ನುವ ಅನುಮಾನ ಸಾಯಲಿಲ್ಲ. 1977ರಲ್ಲಿ ನ್ಯಾಯಮೂರ್ತಿ ಜಗನ್ಮೋಹನ ರೆಡ್ಡಿ ಆಯೋಗವೂ ಕೂತಿತು.

ರಾಜಕೀಯದ ಗಂಟು ಬಿಡಿಸುವುದು ನನ್ನ ಕೈಲಾಗುವ ಕೆಲಸವಲ್ಲ. ನನ್ನನ್ನು ಕಾಡುವುದು ಆ ಸಂಕೇತ ಪದ. ಅದನ್ನು ಕೊಟ್ಟದ್ದು ಯಾರು? ಫೋನ್ ಮಾಡಿದ ಅದೇ ಅಪರಿಚಿತ ದನಿ! ರೈಲ್ವೆಯ ನಂಬರು ಮೊದಲೇ ಮುದ್ರಿಸಿಟ್ಟ ಹಾಳೆಯಿಂದ ಬರುತ್ತದೆ, ಆಮೇಲೆ ಹೋಲಿಸಿ ನೋಡಬಹುದು. ಇಲ್ಲಿ ಬೀಗವನ್ನೂ ಬೀಗದಕೈಯನ್ನೂ ಕಳ್ಳನೇ ಕೊಟ್ಟ ಹಾಗಾಯಿತು. ಫೋನಿಟ್ಟು, ತನಗೆ ಗೊತ್ತಿದ್ದ ನಂಬರಿಗೆ ಒಂದು ಸಲ ತಿರುಗಿ ಫೋನ್ ಮಾಡಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಬ್ಯಾಂಕಿನವರು, ಪೊಲೀಸರು ಅಂತ ಹೇಳಿಕೊಂಡು ಓಟಿಪಿ ಕೇಳುವ ಇಂದಿನ ಕರೆಗಳು ಬಂದಾಗಲೆಲ್ಲ ನನಗೆ ಮಲ್ಹೋತ್ರಾ ನೆನಪಾಗುತ್ತಾರೆ.

ಈಗ ನನ್ನ ಚೀಟಿ.

ಸಹೋದ್ಯೋಗಿಯ ಮೊಬೈಲು ಅದೇ ವಾರ ಲೋಕಲ್‌ನಲ್ಲಿ ಕಳವಾಗಿತ್ತು. ಅದಕ್ಕೇ ಸ್ಟೇಷನ್ನಿಗೆ ಫೋನ್ ಬಂದದ್ದು. ರಾತ್ರಿ ಒಂಬತ್ತಕ್ಕೆ ಹೊರಗಿನ ರೆಕಾರ್ಡಿಂಗ್ ಮುಗಿಸಿ ನೆನೆದುಕೊಂಡು ಬಂದರು. ಚೀಟಿ ಕೊಟ್ಟೆ. ಡಯಲ್ ಮಾಡಿದರು. ರಾಂಗ್ ನಂಬರ್. ಮತ್ತೆ ಮಾಡಿದರು, ಅದೇ ದನಿ, ಈ ಸಲ ಬೈಗುಳ. ಊರಿನ ಮನೆಗೆ ಮಾಡಿದರೆ ಯಾರೂ ಎತ್ತಲಿಲ್ಲ. ಯಾವ ಆಸ್ಪತ್ರೆ ಅಂದರು. ನಾನು ಕೇಳಿರಲಿಲ್ಲ. ಏನಾಗಿದೆಯಂತೆ ಅಂದರು. ಅದನ್ನೂ ಕೇಳಿರಲಿಲ್ಲ. ಸಕ್ಕರೆ ಕಾಯಿಲೆ ಇದ್ದದ್ದೇ, ಆಗಾಗ ಸೇರಿಸುತ್ತಾರೆ, ಬೆಳಿಗ್ಗೆ ನೋಡೋಣ ಅಂತ ಅವರೇ ಸಮಾಧಾನ ಮಾಡಿಕೊಂಡರು. ಆ ರಾತ್ರಿ ಸಿದ್ಧೇಶ್ವರ್ ಎಕ್ಸ್‌ಪ್ರೆಸ್ ಹೋಯಿತು, ಅವರು ಅದರಲ್ಲಿರಲಿಲ್ಲ. ತಂದೆ ಬೆಳಗಿನ ಜಾವ ತೀರಿಕೊಂಡರು.

ತಪ್ಪು ಎಲ್ಲಿ ಅಂತ ಆಮೇಲೆ ಗೊತ್ತಾಯಿತು. ಆ ಮನುಷ್ಯ ಹೇಳಿದ್ದು "ಉನ್‌ಸಠ್". ನಾನು ಬರೆದದ್ದು 69. ಕನ್ನಡದಲ್ಲಿ ಐವತ್ತೊಂಬತ್ತು ಅಂದರೆ ಐವತ್ತೂ ಇದೆ, ಒಂಬತ್ತೂ ಇದೆ. ಹಿಂದಿಯಲ್ಲಿ ಅದು ಅರವತ್ತಕ್ಕೆ ಒಂದು ಕಡಿಮೆ. ಕನ್ನಡದ ಕಿವಿಗೆ "ಸಠ್" ಬಿದ್ದದ್ದೇ ಕೈ 6 ಬರೆದುಬಿಟ್ಟಿತ್ತು. 69 ಅಂದರೆ ಉನ್‌ಹತ್ತರ್. ಇವತ್ತಿಗೂ ನಾನು ಹಿಂದಿ, ಮರಾಠಿಯಲ್ಲಿ ನಂಬರು ಹೇಳುವವರಿಗೆ ಬಿಡಿ ಬಿಡಿ ಅಂಕಿ ಹೇಳಿ ಅಂತ ದುಂಬಾಲು ಬೀಳುತ್ತೇನೆ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಸಂಸ್ಥೆ 2003ರಿಂದ ಒಂದು ನಿಯಮ ತಂದಿದೆ: ಡಾಕ್ಟರು ಫೋನಿನಲ್ಲಿ ಹೇಳಿದ ಔಷಧಿಯನ್ನು ನರ್ಸ್ ಬರೆದುಕೊಂಡು, ಬರೆದದ್ದನ್ನೇ ಓದಿ ಹೇಳಿ ಖಾತ್ರಿ ಮಾಡಿಕೊಳ್ಳಬೇಕು. ನೆನಪಿನಿಂದ ಹೇಳುವುದಲ್ಲ, ಕಾಗದ ನೋಡಿ ಓದುವುದು. ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನಾನು ಓದಿದ್ದರೆ "ಛೇ ನೌ" ಅಂತ ಓದುತ್ತಿದ್ದೆ. ಆ ಕಡೆಯವರು "ನಹೀಂ, ಪಾಂಚ್ ನೌ" ಅನ್ನುತ್ತಿದ್ದರು. ಎಷ್ಟು ಹೊತ್ತಿನ ಕೆಲಸ?

ಆ ಸಹೋದ್ಯೋಗಿ ನನಗೆ ಒಂದು ಮಾತೂ ಅನ್ನಲಿಲ್ಲ. ಹದಿಮೂರನೇ ದಿನ ಮುಗಿಸಿ ಬಂದವರು ರಿಸೆಪ್ಷನ್ನಿಗೆ ಒಂದು ಉದ್ದ ರಿಜಿಸ್ಟರ್ ತಂದಿಟ್ಟರು. ಸ್ಕೇಲು ಹಿಡಿದು ತಾವೇ ಗೆರೆ ಹಾಕಿದ್ದರು. ಯಾರಿಗೆ, ಯಾರಿಂದ, ಎಲ್ಲಿಂದ, ವಿಷಯ, ಎಷ್ಟು ತುರ್ತು, ನಂಬರು, ಗಂಟೆ, ಬರೆದವರ ಸಹಿ. ಸಹಿಯ ಹಿಂದಿನ ಕಾಲಮ್ಮಿಗೆ "ವಾಚೂನ್ ದಾಖವಲೆ" ಅಂತ ಮರಾಠಿಯಲ್ಲಿ ಬರೆದಿದ್ದರು, ಓದಿ ತೋರಿಸಿದೆ ಅಂತ. ಈಗ ಅಲ್ಲಿ ನಾಲ್ಕನೆಯ ರಿಜಿಸ್ಟರ್ ನಡೆಯುತ್ತಿದೆ. ಎಲ್ಲರ ಕೈಯಲ್ಲೂ ಮೊಬೈಲಿದೆ, ದಿನಕ್ಕೆ ಎರಡೋ ಮೂರೋ ಸಾಲು ತುಂಬಿದರೆ ಹೆಚ್ಚು. ಆದರೂ ಇದೆ.

ಹಾಗಾಗಿ ಮುಂದಿನ ಸಲ ನೀವು ಹಾಡಿಗೆ ಫೋನ್ ಮಾಡಿದಾಗ, "ಸವಿತಾ, ಸರಸ್ವತಿಯ ಸ, ಹೌದಲ್ವಾ ಅಮ್ಮಾ?" ಅಂತ ನಾನು ಎರಡೆರಡು ಸಲ ಕೇಳಿದರೆ ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಲೈನಿನಲ್ಲೇ ಇರಿ, ಓದಿ ಹೇಳುತ್ತೇನೆ.