ಬಲ್ಲ ನುಡಿಯ ಹಾದಿಯಲ್ಲಿ ಹೊಸ ನುಡಿ

ನನ್ನ ತರಗತಿಗಳಲ್ಲಿ ಕನ್ನಡ ವ್ಯಾಕರಣ ಓದಿದವರಿಗೆಲ್ಲ ವಿಭಕ್ತಿ ಪ್ರತ್ಯಯಗಳ ಪಟ್ಟಿ ಇಂದಿಗೂ ಬಾಯಿಗೆ ಬರುತ್ತದೆಂದು ನಂಬಿದ್ದೇನೆ. ಪ್ರಥಮಾ ಉ, ದ್ವಿತೀಯಾ ಅನ್ನು, ತೃತೀಯಾ ಇಂದ, ಚತುರ್ಥೀ ಗೆ, ಇಗೆ, ಕ್ಕೆ, ಪಂಚಮೀ ದೆಸೆಯಿಂದ, ಷಷ್ಠೀ ಅ, ಸಪ್ತಮೀ ಅಲ್ಲಿ. ಈ ಪಟ್ಟಿಯನ್ನು ಕಲಿಸುವಾಗ ಪ್ರತಿವರ್ಷವೂ ಯಾರಾದರೊಬ್ಬ ಚುರುಕು ಹುಡುಗನೋ ಹುಡುಗಿಯೋ ಎದ್ದು ನಿಂತು, "ಮರದ ದೆಸೆಯಿಂದ ಹಣ್ಣು ಬಿತ್ತು ಅಂತ ಯಾರು ಮಾತಾಡುತ್ತಾರೆ ಸಾರ್?" ಎಂದು ಕೇಳುವುದಿತ್ತು. ಯಾರೂ ಮಾತನಾಡುವುದಿಲ್ಲ. "ಮರದಿಂದ ಹಣ್ಣು ಬಿತ್ತು" ಎಂದೇ ನಾವೆಲ್ಲರೂ ಹೇಳುವುದು. ಹಾಗಾದರೆ ಈ ದೆಸೆಯಿಂದ ಎಂಬುದು ಎಲ್ಲಿಂದ ಬಂದಿತು? ಈ ಪ್ರಶ್ನೆಗೆ ಪೂರ್ಣವಾದ ಉತ್ತರ ಕೊಡಲು ನಲವತ್ತು ನಿಮಿಷದ ಪೀರಿಯಡ್ಡು ಸಾಲುತ್ತಿರಲಿಲ್ಲ. ಈಗ ಬಿಡುವಿದೆ, ಆದ್ದರಿಂದ ಬರೆಯುತ್ತಿದ್ದೇನೆ.

ಉತ್ತರ ಅಡಗಿರುವುದು ಒಂದು ಸಾಮಾನ್ಯ ಸತ್ಯದಲ್ಲಿ. ಮನುಷ್ಯನು ಹೊಸ ಭಾಷೆಯೊಂದನ್ನು ಕಲಿಯುವಾಗ, ಅಥವಾ ಅದಕ್ಕೆ ನಿಯಮಗಳನ್ನು ಬರೆಯುವಾಗ, ತಾನು ಮೊದಲೇ ಬಲ್ಲ ಭಾಷೆಯನ್ನು ಹೊರಗೆ ಚಪ್ಪಲಿ ಬಿಟ್ಟಂತೆ ಬಿಟ್ಟು ಒಳಗೆ ಬರುವುದಿಲ್ಲ. ಬಲ್ಲ ಭಾಷೆಯೇ ಅವನ ಕನ್ನಡಕ. ಅದರ ಮೂಲಕವೇ ಹೊಸದನ್ನು ನೋಡುತ್ತಾನೆ. ಕನ್ನಡಕವಿಲ್ಲದೆ ಅಕ್ಷರ ಕಾಣದು. ಆದರೆ ಗಾಜಿನ ಬಣ್ಣ ಕಾಗದಕ್ಕೂ ಹತ್ತಿದಂತೆ ತೋರುತ್ತದೆ.

ನಮ್ಮ ಪ್ರಾಚೀನ ವೈಯಾಕರಣರಿಗೆ ಸಂಸ್ಕೃತವು ಕರತಲಾಮಲಕವಾಗಿದ್ದಿತು. ಸಂಸ್ಕೃತದಲ್ಲಿ ತೃತೀಯೆಗೂ ಪಂಚಮಿಗೂ ಬೇರೆಬೇರೆ ರೂಪಗಳಿವೆ. 'ವೃಕ್ಷೇಣ' ಎಂದರೆ ಮರದಿಂದ, 'ವೃಕ್ಷಾತ್' ಎಂದರೂ ಮರದಿಂದ. ಮೊದಲನೆಯದು ಸಾಧನವನ್ನು, ಎರಡನೆಯದು ಅಗಲಿಕೆಯನ್ನು ಹೇಳುತ್ತದೆ. ಕನ್ನಡಕ್ಕೆ ಈ ಎರಡು ಕೆಲಸಕ್ಕೂ 'ಇಂದ' ಒಂದೇ ಸಾಕು. ಕೊಡಲಿಯಿಂದ ಕಡಿಯುತ್ತೇವೆ, ಮರದಿಂದ ಇಳಿಯುತ್ತೇವೆ. ಆದರೆ ಏಳು ಕೋಣೆಗಳ ಮನೆಯಲ್ಲಿ ಬೆಳೆದವರಿಗೆ ಇನ್ನೊಂದು ಮನೆಯಲ್ಲೂ ಏಳು ಕೋಣೆಗಳಿರಲೇಬೇಕೆನಿಸುವುದು ಸಹಜ. ಐದನೆಯ ಕೋಣೆ ಬರಿದಾಗಿ ಕಂಡಾಗ ಅಲ್ಲಿಗೆ ಹಳಗನ್ನಡದಲ್ಲಿ 'ಅತ್ತಣಿಂ' ಬಂದಿತು, ಹೊಸಗನ್ನಡದಲ್ಲಿ 'ದೆಸೆಯಿಂದ' ಬಂದಿತು.

ಇದನ್ನು ಓದಿ ಕೇಶಿರಾಜನನ್ನು ಹಗುರವಾಗಿ ಕಾಣಬಾರದು. ಕ್ರಿ.ಶ. 13ನೆಯ ಶತಮಾನದಲ್ಲಿ ಅವನು ರಚಿಸಿದ 'ಶಬ್ದಮಣಿದರ್ಪಣ'ವು ಬಲ್ಲ ಭಾಷೆಯ ಸಹಾಯ ಪಡೆಯುತ್ತಲೇ ಅದನ್ನು ಮೀರುವುದು ಹೇಗೆಂಬುದಕ್ಕೆ ಉತ್ತಮ ನಿದರ್ಶನ. ಸಂಸ್ಕೃತದ ವರ್ಣಮಾಲೆಯನ್ನು ಎದುರಿಗಿಟ್ಟುಕೊಂಡು, ಕನ್ನಡಕ್ಕೆ ಬೇಡದ ಅಕ್ಷರಗಳನ್ನು ಕಳೆದು, ಕನ್ನಡಕ್ಕೇ ಸಲ್ಲುವ ಹ್ರಸ್ವ ಎ, ಒ, ಮತ್ತು ಱ, ೞ ಮೊದಲಾದವನ್ನು ಕೂಡಿಸಿ, ಅಚ್ಚಗನ್ನಡದ 'ಶುದ್ಧಗೆ'ಗಳು 47 ಎಂದು ಎಣಿಸಿದನು. ಸಂಸ್ಕೃತದ ಸಮಾಸಗಳ ಹೆಸರುಗಳನ್ನು ಉಳಿಸಿಕೊಂಡರೂ 'ಕೈಮುಗಿ', 'ಕಣ್ದೆರೆ' ಮುಂತಾದ ಕನ್ನಡದ ಕೂಡುನುಡಿಗಳಿಗಾಗಿ ಕ್ರಿಯಾಸಮಾಸವೆಂಬ ಬೇರೆ ಸ್ಥಾನವನ್ನೇ ಕೊಟ್ಟನು. ಎಲ್ಲಿ ಅಚ್ಚು ಸರಿಹೊಂದಲಿಲ್ಲವೋ ಅಲ್ಲಿ ಕನ್ನಡವನ್ನು ಮುರಿಯದೆ ಅಚ್ಚನ್ನು ತಿದ್ದಿದನು. ಕೆಲವೆಡೆ ತಿದ್ದಲಾಗಲಿಲ್ಲ, ಆ ಉಳಿಕೆಯೇ ನಮ್ಮ ಶಾಲೆಯ ಪಟ್ಟಿಯ ಐದನೆಯ ಸಾಲು. ಈ ವಿಷಯವನ್ನು ನಮ್ಮ ಕಾಲದಲ್ಲಿ ಬಹಳ ನಿಷ್ಠುರವಾಗಿ ಎತ್ತಿದವರು ಡಾ. ಡಿ.ಎನ್. ಶಂಕರ ಭಟ್ಟರು. 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂಬ ಅವರ ಪುಸ್ತಕದ ಹೆಸರೇ ಅವರ ವಾದವನ್ನು ಹೇಳುತ್ತದೆ.

ಈ ಕಷ್ಟ ನಮಗೊಬ್ಬರಿಗೇ ಬಂದದ್ದಲ್ಲ. ಇಂಗ್ಲಿಷಿನ ಮೊದಲ ವ್ಯಾಕರಣವೆಂದು ಗಣಿಸಲ್ಪಡುವ ಪುಸ್ತಕವನ್ನು ವಿಲಿಯಂ ಬುಲೋಕರ್ ಎಂಬಾತ 1586ರಲ್ಲಿ ಪ್ರಕಟಿಸಿದನು. ಇಂಗ್ಲಿಷಿಗೂ ಕಟ್ಟುಪಾಡುಗಳಿವೆಯೆಂದು ತೋರಿಸುವುದು ಅವನ ಹಂಬಲ. ಆದರೆ ಅವನು ಹಿಡಿದ ಮಾದರಿ ಆ ಕಾಲದ ಇಂಗ್ಲೆಂಡಿನ ಶಾಲೆಗಳಲ್ಲಿ ಕಲಿಸುತ್ತಿದ್ದ ಲ್ಯಾಟಿನ್ ವ್ಯಾಕರಣದ್ದು. ಅಲ್ಲಿಂದ ಮುಂದೆ ಬಹುಕಾಲ ಇಂಗ್ಲಿಷ್ ಮಕ್ಕಳು ತಮ್ಮ ಭಾಷೆಯಲ್ಲಿಲ್ಲದ ಲ್ಯಾಟಿನ್ ವಿಭಕ್ತಿಗಳನ್ನು ಉರು ಹೊಡೆದರು. ನಮಗೆ ಸಂಸ್ಕೃತ ಹೇಗೋ ಅವರಿಗೆ ಲ್ಯಾಟಿನ್ ಹಾಗೆ.

ಇನ್ನು ಲ್ಯಾಟಿನ್ ಬಲ್ಲವರು ಕನ್ನಡವನ್ನು ಕಲಿಯಬಂದ ಕಥೆಯನ್ನು ನೋಡೋಣ. 19ನೆಯ ಶತಮಾನದ ಆರಂಭದಲ್ಲಿ ಅನೇಕ ಯುರೋಪಿಯನ್ ಪಂಡಿತರು ಭಾರತದ ಭಾಷೆಗಳೆಲ್ಲವೂ ಸಂಸ್ಕೃತದಿಂದ ಹುಟ್ಟಿದವೆಂದು ಭಾವಿಸಿದ್ದರು. ಬಂಗಾಳದ ಶ್ರೀರಾಮಪುರದಲ್ಲಿದ್ದ ವಿಲಿಯಂ ಕೇರಿ ಕನ್ನಡಕ್ಕೊಂದು ವ್ಯಾಕರಣವನ್ನು 1817ರಲ್ಲಿ ಅಚ್ಚುಮಾಡಿಸಿದನು. ಅವನ ಬೆನ್ನಿಗಿದ್ದುದು ಬಂಗಾಳಿ ಮತ್ತು ಸಂಸ್ಕೃತಗಳ ಪರಿಚಯ. ಅದೇ ಸಮಯದಲ್ಲಿ ಮದರಾಸಿನಲ್ಲಿ ಬೇರೊಂದು ಬೆಳಕು ಮೂಡಿತ್ತು. ಕಂಪನಿಯ ಎಳೆಯ ಅಧಿಕಾರಿಗಳಿಗೆ ದಕ್ಷಿಣದ ಭಾಷೆಗಳನ್ನು ಕಲಿಸಲೆಂದು 1812ರಲ್ಲಿ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಆರಂಭವಾಗಿದ್ದಿತು. ಅದರೊಡನೆ ನಿಕಟ ಸಂಬಂಧವಿದ್ದ ಮದರಾಸಿನ ಕಲೆಕ್ಟರ್ ಫ್ರಾನ್ಸಿಸ್ ವೈಟ್ ಎಲ್ಲಿಸನು, ಕ್ಯಾಂಬೆಲ್ಲನ ತೆಲುಗು ವ್ಯಾಕರಣಕ್ಕೆ 1816ರಲ್ಲಿ ಬರೆದ ಪ್ರಸ್ತಾವನೆಯಲ್ಲಿ ತಮಿಳು, ತೆಲುಗು, ಕನ್ನಡ ಧಾತುಗಳನ್ನು ಅಕ್ಕಪಕ್ಕ ಇರಿಸಿ, ಇವು ಸಂಸ್ಕೃತದಿಂದ ಹುಟ್ಟಿದವಲ್ಲ, ಬೇರೆಯೇ ಒಂದು ಕುಟುಂಬದವು ಎಂದು ತೋರಿಸಿದನು. ಕಾಲ್ಡ್‌ವೆಲ್ಲರ ಪ್ರಸಿದ್ಧ ಗ್ರಂಥ ಬಂದದ್ದು ಇದಾದ ನಲವತ್ತು ವರ್ಷಗಳ ಬಳಿಕ, 1856ರಲ್ಲಿ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಎಲ್ಲಿಸನು ಈ ನಿರ್ಣಯಕ್ಕೆ ತನ್ನ ಬುದ್ಧಿಯೊಂದರಿಂದಲೇ ಬರಲಿಲ್ಲ. ಕಾಲೇಜಿನ ಪಂಡಿತರಾಗಿದ್ದ ಪಟ್ಟಾಭಿರಾಮ ಶಾಸ್ತ್ರಿಗಳು ಸಿದ್ಧಪಡಿಸಿದ ಧಾತುಗಳ ಪಟ್ಟಿ ಅವನಿಗೆ ನೆರವಾಯಿತು. ತತ್ಸಮ, ತದ್ಭವ, ದೇಶ್ಯ ಎಂದು ಶಬ್ದಗಳನ್ನು ವಿಂಗಡಿಸುವ ನಮ್ಮವರ ಹಳೆಯ ಕ್ರಮವೂ ನೆರವಾಯಿತು. ಸಂಸ್ಕೃತದ ಕನ್ನಡಕ ಹಾಕಿಕೊಂಡವರೇ, ಸಂಸ್ಕೃತಕ್ಕೆ ಸೇರದ ಶಬ್ದಗಳಾವುವೆಂದು ಶತಮಾನಗಳ ಹಿಂದೆಯೇ ಬೇರ್ಪಡಿಸಿ ಇಟ್ಟಿದ್ದರು. ಒಂದು ಭಾಷೆಯನ್ನು ಚೆನ್ನಾಗಿ ಬಲ್ಲವನಿಗೆ ಮಾತ್ರ ಇನ್ನೊಂದು ಭಾಷೆ ಎಲ್ಲಿ ಭಿನ್ನವಾಗುತ್ತದೆಂಬುದು ಕಣ್ಣಿಗೆ ಬೀಳುತ್ತದೆ.

ಫರ್ಡಿನೆಂಡ್ ಕಿಟ್ಟೆಲರ ಹೆಸರನ್ನು ಕೇಳದ ಕನ್ನಡಿಗರಿಲ್ಲ. ಜರ್ಮನಿಯಲ್ಲಿ 1832ರಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಕಡೆಯಿಂದ 1853ರಲ್ಲಿ ಇಲ್ಲಿಗೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಓದಿನ ಕಾಲದಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂಗಳನ್ನು ಕಲಿತಿದ್ದವರು. ಲ್ಯಾಟಿನ್ನಿನ ಅಚ್ಚಿನಲ್ಲೇ ಕನ್ನಡವನ್ನು ಎರಕ ಹೊಯ್ಯುವುದು ಅವರಿಗೆ ಸುಲಭವಾಗುತ್ತಿತ್ತು. ಅವರು ಹಾಗೆ ಮಾಡದೆ ಕೇಶಿರಾಜನ ಬಳಿ ಶಿಷ್ಯರಾಗಿ ಕುಳಿತರು. ಶಬ್ದಮಣಿದರ್ಪಣವನ್ನು 1872ರಲ್ಲಿ ಸಂಪಾದಿಸಿ ಪ್ರಕಟಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಸುಮಾರು 70,000 ಶಬ್ದಗಳ ನಿಘಂಟು ಎಲ್ಲರಿಗೂ ಗೊತ್ತು. ತಾವು ತೀರಿಕೊಂಡ 1903ರಲ್ಲೇ ಹೊರಬಂದ ತಮ್ಮ ಕನ್ನಡ ವ್ಯಾಕರಣದಲ್ಲಿಯೂ ಅವರು ಕೇಶಿರಾಜನನ್ನೇ ಆಧಾರವಾಗಿ ಇಟ್ಟುಕೊಂಡು, ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ವಿವರಿಸಿದರು. ಅನೇಕ ಭಾಷೆಗಳನ್ನು ಬಲ್ಲವರಿಗೆ ದೊರೆಯುವ ದೊಡ್ಡ ಲಾಭವೆಂದರೆ ಇದೇ: ತಾನು ಬಲ್ಲ ಯಾವ ಭಾಷೆಯೂ ಜಗತ್ತಿನ ಎಲ್ಲ ಭಾಷೆಗಳ ಅಳತೆಗೋಲಲ್ಲ ಎಂಬ ತಿಳಿವಳಿಕೆ.

ಕಿಟ್ಟೆಲರ ದಾರಿಯನ್ನು ಹಿಂದುಮುಂದಾಗಿ ನಡೆಯುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು ಇಂದು ಜರ್ಮನಿಯಲ್ಲಿದ್ದಾರೆ. ಜರ್ಮನ್ ಕಲಿಯುವಾಗ ಅವರ ನೆರವಿಗೆ ಬರುವುದು ಒಂದು ಭಾಷೆಯಲ್ಲ, ಎರಡು. 'ಹೌಸ್', 'ವಾಸ್ಸರ್', 'ಬ್ರೋಟ್' ಎಂಬ ಶಬ್ದಗಳನ್ನು ಕೇಳಿದೊಡನೆ ಮನೆ, ನೀರು, ರೊಟ್ಟಿ ಎಂದು ಊಹಿಸಲು ಇಂಗ್ಲಿಷ್ ಸಾಕು. ಆದರೆ ಉಪವಾಕ್ಯಗಳಲ್ಲಿ ಕ್ರಿಯಾಪದವನ್ನು ಕೊನೆಯವರೆಗೂ ಕಾಯುವ ಜರ್ಮನ್ ಪದ್ಧತಿ ಇಂಗ್ಲಿಷನಿಗೆ ಕಷ್ಟ. ವಾಕ್ಯದ ಕೊನೆಯಲ್ಲಿ ಕ್ರಿಯೆಯನ್ನಿಡುವ ಕನ್ನಡಿಗನಿಗೆ ಅದು ತೌರುಮನೆಯ ನಡವಳಿಕೆ. ಅದೇ ಕನ್ನಡಿಗ ಲಿಂಗದ ವಿಷಯದಲ್ಲಿ ಮುಗ್ಗರಿಸುತ್ತಾನೆ. ಮೇಜು ಪುಲ್ಲಿಂಗ, ಹುಡುಗಿ ಎಂಬ ಶಬ್ದ ನಪುಂಸಕಲಿಂಗ ಎಂದರೆ, ಅರ್ಥವನ್ನು ನೋಡಿ ಲಿಂಗ ನಿರ್ಣಯಿಸುವ ಭಾಷೆಯವನು ಏನು ಮಾಡಬೇಕು? ಹಿಂದಿಯಲ್ಲಿ 'ರೋಟಿ' ಸ್ತ್ರೀಲಿಂಗ, 'ಪಾನಿ' ಪುಲ್ಲಿಂಗ ಎಂದು ಕಲಿಯುವಾಗ ನೀವೆಲ್ಲರೂ ಪಟ್ಟ ಪಾಡೇ ಇದು.

ಇಂಥ ತಪ್ಪುಗಳನ್ನು ಶಾಲೆಗಳು ಬಹುಕಾಲ ಸೋಮಾರಿತನವೆಂದೇ ಎಣಿಸಿದವು. 20ನೆಯ ಶತಮಾನದ ಮಧ್ಯದಲ್ಲಿ ದೃಷ್ಟಿ ಬದಲಾಯಿತು. ಯುರಿಯಲ್ ವೈನ್‌ರೈಕ್ 1953ರಲ್ಲಿ, ಎರಡು ಭಾಷೆಗಳು ಒಬ್ಬನಲ್ಲೇ ಸಂಧಿಸಿದಾಗ ಒಂದರ ನಿಯಮ ಇನ್ನೊಂದರೊಳಗೆ ನುಸುಳುವುದನ್ನು ಶಾಸ್ತ್ರೀಯವಾಗಿ ವಿವರಿಸಿದರು. ರಾಬರ್ಟ್ ಲಾಡೊ 1957ರಲ್ಲಿ, ಎರಡು ಭಾಷೆಗಳನ್ನು ಹೋಲಿಸಿ ನೋಡಿದರೆ ಕಲಿಯುವವನು ಎಲ್ಲಿ ಎಡವುತ್ತಾನೆಂದು ಮುಂಚೆಯೇ ಹೇಳಬಹುದೆಂದರು. 1967ರಲ್ಲಿ ಪಿಟ್ ಕಾರ್ಡರ್, ಕಲಿಯುವವನ ತಪ್ಪು ಅವನ ಮನಸ್ಸಿನಲ್ಲಿ ನಡೆಯುತ್ತಿರುವ ಕೆಲಸದ ಗುರುತು ಎಂದರು. 1972ರಲ್ಲಿ ಲ್ಯಾರಿ ಸೆಲಿಂಕರ್, ಬಲ್ಲ ಭಾಷೆಗೂ ಕಲಿಯುವ ಭಾಷೆಗೂ ನಡುವೆ ಕಲಿಯುವವನು ತನ್ನದೇ ಒಂದು ನಡುವಣ ಭಾಷೆಯನ್ನು ಕಟ್ಟಿಕೊಳ್ಳುತ್ತಾನೆಂದರು. ನಮ್ಮ ಹಳ್ಳಿಯ ಮಗು ಬಸ್ಸು, ಪೆನ್ನು, ಕಾರು ಎಂದು ಕೊನೆಗೊಂದು ಉಕಾರವನ್ನು ಸೇರಿಸಿದರೆ, ಅಥವಾ ಇಂಗ್ಲಿಷ್ ಬರೆಯುವಾಗ 'ಎ', 'ದಿ'ಗಳನ್ನು ಬಿಟ್ಟರೆ, ಅದು ಅಜ್ಞಾನವಲ್ಲ; ಕನ್ನಡದ ನಿಯಮವನ್ನು ಅದು ನಿಷ್ಠೆಯಿಂದ ಪಾಲಿಸುತ್ತಿದೆ. ತಿದ್ದಬೇಕು ನಿಜ. ಆದರೆ "ನಿನಗೇನೂ ಬರುವುದಿಲ್ಲ" ಎಂದು ಗದರಿಸುವುದಕ್ಕೂ, "ಕನ್ನಡದಲ್ಲಿ ಹೀಗೆ, ಇಂಗ್ಲಿಷಿನಲ್ಲಿ ಹಾಗೆ" ಎಂದು ತೋರಿಸಿಕೊಡುವುದಕ್ಕೂ ಅಜಗಜಾಂತರ.

ಈ ಪ್ರಭಾವ ಒಬ್ಬ ವ್ಯಕ್ತಿಗೆ ನಿಲ್ಲದೆ ಇಡೀ ಊರಿಗೇ ಹರಡಿದರೆ ಏನಾದೀತು? ಇದಕ್ಕೆ ಉತ್ತರ ನಮ್ಮ ಗಡಿಯಾಚೆಯೇ ಇದೆ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಕುಪ್ವಾಡ ಈಗ ಸಾಂಗಲಿ ಮಹಾನಗರಪಾಲಿಕೆಗೆ ಸೇರಿದೆ, ಹಿಂದೆ ಹಳ್ಳಿಯಾಗಿದ್ದಿತು. ಅಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ತಲತಲಾಂತರದಿಂದ ಒಟ್ಟಿಗೆ ಬಾಳಿದ್ದವು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ಊರಿನ ಭಾಷೆಗಳ ಶಬ್ದಗಳು ಬೇರೆಬೇರೆಯಾಗಿಯೇ ಉಳಿದಿದ್ದರೂ ವಾಕ್ಯರಚನೆ ಬಹುಮಟ್ಟಿಗೆ ಒಂದೇ ಆಗಿದ್ದಿತು. ನಾವು "ಇದು ನಿಮ್ಮ ಮನೆ" ಎಂದು ನಿಲ್ಲಿಸುವಲ್ಲಿ ಅಲ್ಲಿಯ ಕನ್ನಡವು ಮರಾಠಿಯಂತೆ ಕೊನೆಗೊಂದು ಕ್ರಿಯಾಪದವನ್ನು ಬೇಡುತ್ತಿತ್ತು. ಅಲ್ಲಿಯ ಮರಾಠಿಯಾದರೋ ನದಿ, ಬೆಟ್ಟಗಳ ಹಳೆಯ ಲಿಂಗಭೇದವನ್ನು ಬಿಟ್ಟು, ಕನ್ನಡದಂತೆ ಮನುಷ್ಯೇತರವನ್ನೆಲ್ಲ ನಪುಂಸಕವೆಂದಿತು. ಸಾಲವನ್ನು ಎರಡೂ ಕಡೆಯವರು ಕೊಟ್ಟರು, ಎರಡೂ ಕಡೆಯವರು ಪಡೆದರು. ಆದರೂ ಯಾರೂ ತಮ್ಮ ಮನೆಮಾತನ್ನು ಕಳೆದುಕೊಳ್ಳಲಿಲ್ಲ.

ಇಷ್ಟು ದೀರ್ಘವಾಗಿ ಬರೆಯಲು ಕಾರಣವಿದೆ. "ಮಗುವಿಗೆ ಇಂಗ್ಲಿಷ್ ಚೆನ್ನಾಗಿ ಬರಲೆಂದು ಮನೆಯಲ್ಲಿ ಕನ್ನಡ ಮಾತನಾಡುವುದನ್ನು ನಿಲ್ಲಿಸಿದ್ದೇವೆ" ಎಂಬ ಮಾತನ್ನು ನಮ್ಮ ಬಂಧುಬಳಗದಲ್ಲೇ ಕೇಳುತ್ತಿದ್ದೇನೆ. ಒಂದು ಪಾತ್ರೆಯಲ್ಲಿ ಕನ್ನಡ ತುಂಬಿದರೆ ಇಂಗ್ಲಿಷಿಗೆ ಜಾಗವಿರದೆಂಬ ಭಾವನೆ ಇದರ ಹಿಂದಿದೆ. ಮೇಲೆ ಹೇಳಿದ ಚರಿತ್ರೆ ಇದಕ್ಕೆ ವಿರುದ್ಧವಾಗಿದೆ. ಮನೆಯಲ್ಲಿ ಮರಾಠಿಯಾಡುತ್ತಿದ್ದ ಬೇಂದ್ರೆಯವರು, ತಮಿಳಾಡುತ್ತಿದ್ದ ಮಾಸ್ತಿಯವರು, ಕೊಂಕಣಿಯಾಡುತ್ತಿದ್ದ ಮಂಜೇಶ್ವರದ ಗೋವಿಂದ ಪೈಗಳು ಕನ್ನಡಕ್ಕೆ ಕೊಟ್ಟದ್ದೇನೆಂದು ನಿಮಗೆ ಹೇಳಬೇಕಾಗಿಲ್ಲ. ಕೆನಡಾದ ಜಿಮ್ ಕಮಿನ್ಸ್ 1979ರಲ್ಲಿ ಮಂಡಿಸಿದ ವಾದವೂ ಇದೇ: ಮೊದಲ ಭಾಷೆಯಲ್ಲಿ ಬೇರೂರಿದ ಓದುವ, ಯೋಚಿಸುವ ಶಕ್ತಿ ಎರಡನೆಯ ಭಾಷೆಗೂ ಹರಿದುಬರುತ್ತದೆ. ಮನೆಮಾತನ್ನು ಕಿತ್ತುಹಾಕಿದರೆ ಮಗುವಿನ ಹಾದಿಯ ಅಡ್ಡಿಯೇನೂ ನಿವಾರಣೆಯಾಗುವುದಿಲ್ಲ. ಅದು ಹೊಸದನ್ನು ಹೋಲಿಸಿ ನೋಡಲು ಇದ್ದ ಒಂದೇ ಆಧಾರ ತಪ್ಪಿಹೋಗುತ್ತದೆ.

ಆದ್ದರಿಂದ ಮನೆಯಲ್ಲಿ ಮಕ್ಕಳಿರುವವರಿಗೆ ಒಂದು ಸಣ್ಣ ಕೆಲಸ ಹೇಳುತ್ತೇನೆ. "ನನಗೆ ಹಸಿವಾಗಿದೆ" ಎಂಬ ವಾಕ್ಯವನ್ನು ಅವರು ಬಲ್ಲ ಎಲ್ಲ ಭಾಷೆಗಳಲ್ಲಿಯೂ ಹೇಳಿಸಿ. ಇಂಗ್ಲಿಷಿನಲ್ಲಿ ಹಸಿದವನೇ ಕರ್ತೃ. ಕನ್ನಡದಲ್ಲಿ ಹಸಿವೇ ಬಂದು ಅವನಿಗೆ ಆಗುತ್ತದೆ. ಈ ವ್ಯತ್ಯಾಸವನ್ನು ಮಗು ತಾನೇ ಕಂಡು ನಕ್ಕಿತೆಂದರೆ, ಎರಡು ಭಾಷೆಗಳ ವ್ಯಾಕರಣವೂ ಅದಕ್ಕೆ ಒಟ್ಟಿಗೆ ದಕ್ಕಲು ಆರಂಭವಾಯಿತೆಂದೇ ತಿಳಿಯಿರಿ.